ಅಯೋನಳ ರೈಫಲ್ಲಿಗೆ ಗುಂಡು

ಡಿಲನ್, ಮೊಂಟಾನ
ಏಪ್ರಿಲ್ 4, 1991

ಟಿಫ್ಟ್ ಅವರೇ,

ಲಕೋಟೆಯ ಮೇಲೆ ನನ್ನ ಹೆಸರು ನೋಡಿಯೂ ಇದನ್ನು ಒಲೆಗೆ ಹಾಕದೆ ಒಡೆದಿದ್ದರೆ ಅಷ್ಟರಮಟ್ಟಿಗೆ ಉಪಕಾರ. ನಾನು ಅಯೋನಳ ಗಂಡ. ನೀವೂ ಹದಿನಾಲ್ಕು ವರ್ಷ ಅದೇ ಆಗಿದ್ದಿರಿ. ನಮ್ಮಿಬ್ಬರ ಸಂಬಂಧ ಅಷ್ಟೇ. ಅದನ್ನು ಬೆಳೆಸುವ ಆಸೆ ನನಗಿಲ್ಲ.

ಜನವರಿಯಲ್ಲಿ ಅವಳಿಗೆ ಬಲ ಎದೆಯ ಆಪರೇಷನ್ ಆಯಿತು. ಡಾಕ್ಟರು ಒಳ್ಳೆಯ ಮಾತೇ ಆಡುತ್ತಾರೆ, ಆದರೆ ಆಡುವಾಗ ಕಿಟಕಿಯ ಕಡೆ ನೋಡುತ್ತಾರೆ. ಮಾರ್ಚಿನಲ್ಲಿ ಒಂದು ದಿನ ಅವಳು ತನ್ನಪ್ಪನ ಹಳೇ ರೈಫಲ್ಲನ್ನು, ಆ ಮೂವತ್ತೆಂಟು-ಐವತ್ತೈದು ಅಳತೆಯದನ್ನು, ಬೀರುವಿನಿಂದ ತೆಗೆದಳು. ಮಂಚದ ಮೇಲೆ ಕೂತು ಎಡ ಭುಜಕ್ಕೆ ಇಟ್ಟು ನೋಡಿದಳು. ಬಲಕ್ಕೆ ಇನ್ನು ಇಡುವಂತಿಲ್ಲ. ಮನೆಯಲ್ಲಿ ಕಂಪನಿಯ ಹಳೇ ತೋಟಾ ಹನ್ನೊಂದಿದ್ದವು. ಹಿತ್ತಲ ಬಯಲಿಗೆ ಹೋಗಿ ಎರಡು ಹೊಡೆದಳು. ಎರಡೂ ಗುಂಡು ರಟ್ಟಿಗೆ ಅಡ್ಡಡ್ಡ ಬಿದ್ದವು, ಬೀಗದ ಕೈ ತೂರಿಸಿದ ಹಾಗೆ ತೂತು. ಎರಡನೇ ಒದೆತಕ್ಕೆ ಅವಳು ನೆಲಕ್ಕೆ ಕೂತುಬಿಟ್ಟಳು. ಎದ್ದು, "ಆಯ್ತು, ಬಿಡಿ," ಅಂದಳು. ಆಮೇಲೆ ಆ ಮಾತೇ ಇಲ್ಲ.

ಆ ರೈಫಲ್ಲಿಗೆ ಸೀಸದ ಗುಂಡನ್ನು ಮನೆಯಲ್ಲೇ ಎರೆಯುತ್ತಿದ್ದಿರಂತೆ. ಹಗುರವಾಗಿ ಒದೆಯುವ, ನೆಟ್ಟಗೆ ಹೋಗುವ ಗುಂಡು. ಒಮ್ಮೆ ಕೇಳಿದ್ದಕ್ಕೆ ಅವಳು, "ಅದೆಲ್ಲ ಅಲ್ಲೇ ಬಿಟ್ಟು ಬಂದೆ," ಅಂದಿದ್ದಳು. ಅದನ್ನು ಎಲ್ಲಿಂದ ಶುರು ಮಾಡಬೇಕು ಎಂದು ನನಗೆ ತಿಳಿಸಿ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ. ಶರತ್ಕಾಲದೊಳಗೆ ಅವಳ ಕೈಗೆ ಒಂದು ಡಬ್ಬಿ ಗುಂಡು ಕೊಡಬೇಕು ಅಂದುಕೊಂಡಿದ್ದೇನೆ. ಅದರ ಆಚೆಗೆ ನಾನು ಯೋಚನೆ ಮಾಡುತ್ತಿಲ್ಲ.

ವೆಂಡೆಲ್ ಆಮ್ಡಾಲ್


ಹ್ಯಾಲೋರನ್ ಕ್ರೀಕ್
ಏಪ್ರಿಲ್ 21

ತುತ್ತೂರಿ ಮೇಷ್ಟ್ರೇ,

ನೀನು ಸ್ಕೂಲಲ್ಲಿ ಬ್ಯಾಂಡ್ ಕಲಿಸ್ತಿದ್ದೆ ಅಂತ ಗೊತ್ತು. ನಿನ್ನ ವಿಷಯ ಎಲ್ಲಾ ಗೊತ್ತು. ನನ್ನ ಹೆಂಡ್ತೀನ ಹೊಡ್ಕೊಂಡು ಹೋದವನು ಈಗ ನನ್ನ ಗುಂಡಿನ ಪಾಕ ಕೇಳ್ತಿದ್ದಾನೆ. ಇನ್ನೇನು ಕಳಿಸ್ಲಿ, ನನ್ನ ಹಲ್ಲುಸೆಟ್ಟು?

ನಲವತ್ತು ವರ್ಷ ರೈಲು ಹಳಿ ಮೇಲೆ ಗ್ಯಾಂಗು ಆಳಿದೋನು ನಾನು. ಈಗ ಪ್ರತಿ ತಿಂಗಳ ಮೊದಲ ಶನಿವಾರ ಇಲ್ಲಿನ ಶೂಟಿಂಗ್ ಕ್ಲಬ್ಬಲ್ಲಿ ಹೊಸಬರಿಗೆ ಸೀಸದ ಗುಂಡು ಎರೆಯೋ ಪಾಠ ಹೇಳ್ತೀನಿ. ಮುನ್ನೂರು ಮೈಲಿ ದೂರದಿಂದ ಜನ ಬರ್ತಾರೆ. ಅವರಿಗೆ ಹೇಳೋದರಲ್ಲಿ ಕಾಲುಭಾಗ ನಿನಗೆ ಹೇಳ್ತೀನಿ, ಅದೂ ನಿನಗೋಸ್ಕರ ಅಲ್ಲ.

ಮೊದಲು ನಳಿಗೆ ಅಳೀ. ಮೀನು ಹಿಡಿಯೋರ ಹತ್ರ ಸಿಗುತ್ತಲ್ಲ ಮೆತ್ತನೆ ಸೀಸದ ಉಂಡೆ, ಅದಕ್ಕೆ ಎಣ್ಣೆ ಸವರಿ ಮರದ ಕೋಲಲ್ಲಿ ಬಾಯಿಂದ ಕೊನೇವರೆಗೆ ಮೆಲ್ಲಗೆ ತಟ್ಕೊಂಡು ಹೋಗು. ಆಚೆ ಬಿದ್ದದ್ದನ್ನ ಮೈಕ್ರೋಮೀಟರಲ್ಲಿ ಅಳೀ. ಹಳೇ ರೈಫಲ್ಲು ಒಂದೊಂದು ಒಂದೊಂದು ಗಾತ್ರ. ನೂರು ವರ್ಷದ ಹಿಂದೆ ಕೊರೆದವನು ಆ ದಿನ ಏನು ಕುಡಿದಿದ್ನೋ ಹಂಗೆ.

ಗುಂಡು ಎರೆಯೋ ಅಚ್ಚು ಮಾತ್ರ ಕೇಳ್ಬೇಡ. ಅದನ್ನ ಆ ನಳಿಗೆಗೇ ಅಂತ ಸ್ಪೋಕೇನ್‌ಗೆ ಹೋಗಿ ಕೊರೆಸಿದೋನು ನಾನು. ಅದು ನನ್ನ ಶೆಡ್ಡಲ್ಲೇ ಇರುತ್ತೆ.

ಆರ್. ಟಿಫ್ಟ್


ಡಿಲನ್
ಮೇ 30

ಟಿಫ್ಟ್ ಅವರೇ,

"ಹೊಡ್ಕೊಂಡು ಹೋದವನು" ಎನ್ನುವ ಮಾತಿಗೆ ಒಂದೇ ಒಂದು ಸಲ ಉತ್ತರ ಕೊಡುತ್ತೇನೆ. ಅಯೋನ್ ನಿಮ್ಮ ಮನೆ ಬಿಟ್ಟದ್ದು 1973ರ ಫೆಬ್ರವರಿಯಲ್ಲಿ. ನಾನು ಅವಳನ್ನು ಮೊದಲು ನೋಡಿದ್ದು 1975ರಲ್ಲಿ, ಸ್ಕೂಲಿನ ಅಡುಗೆಮನೆಯಲ್ಲಿ, ಅವಳು ಬಟಾಣಿ ಬಡಿಸುತ್ತಿದ್ದಾಗ. ನಡುವಿನ ಎರಡು ವರ್ಷ ಅವಳನ್ನು ಹೊಡೆದುಕೊಂಡು ಹೋದವನು ಯಾರು ಎಂದು ನೀವೇ ಹುಡುಕಿಕೊಳ್ಳಿ.

ನಳಿಗೆ ಅಳೆದೆ. ಬುಧವಾರ ಅವಳು ಅಕ್ಕನ ಮನೆಗೆ ಹೋಗುತ್ತಾಳೆ, ಆಗ ಗ್ಯಾರೇಜಿನಲ್ಲಿ ಈ ಕೆಲಸ. ಅಂಗಡಿಯ ಅಚ್ಚು ಕೊಡುವ ಗುಂಡು ಇಂಚಿನ ಸಾವಿರ ಭಾಗದಲ್ಲಿ ಮುನ್ನೂರ ಎಪ್ಪತ್ತಾರು ಭಾಗ ದಪ್ಪ. ಇವಳ ನಳಿಗೆ ಮುನ್ನೂರ ಎಂಬತ್ತು. ಅಂದರೆ ಗುಂಡು ಸಡಿಲ. ಇದಕ್ಕೇನು ಮಾಡಬೇಕು?

ಟೈರಿನ ಅಂಗಡಿಯಿಂದ ಚಕ್ರದ ಅಂಚಿಗೆ ಸಿಕ್ಕಿಸುವ ಸೀಸದ ತುಂಡು ತಂದು ಕರಗಿಸಿದೆ. ಮೊದಲ ಐವತ್ತು ಗುಂಡು ಒಣದ್ರಾಕ್ಷಿಯ ಹಾಗೆ ಸುಕ್ಕು. ಆಮೇಲೆ ನನ್ನ ಹಣೆಯ ಬೆವರು ಒಂದು ಹನಿ ಕುದಿಯುವ ಸೀಸಕ್ಕೆ ಬಿತ್ತು. ಪಾತ್ರೆಯೇ ಸಿಡಿಯಿತು. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು, ಮಣಿಕಟ್ಟು ಉಳಿಯಲಿಲ್ಲ. ಅಯೋನ್‌ಗೆ ಒಲೆಯ ಮೇಲಿನ ಎಣ್ಣೆ ಎಂದೆ. ಹದಿನಾರು ವರ್ಷದಲ್ಲಿ ಅವಳಿಗೆ ನಾನು ಹೇಳಿದ ಎರಡನೇ ಸುಳ್ಳು. ಬೆವರಿನ ವಿಷಯ ನೀವು ಹೇಳಬಹುದಿತ್ತು.

ವಿ. ಆಮ್ಡಾಲ್


ಹ್ಯಾಲೋರನ್ ಕ್ರೀಕ್
ಜೂನ್ 16

ಮೇಷ್ಟ್ರೇ,

ಕುದಿಯೋ ಸೀಸಕ್ಕೆ ನೀರು ಬೀಳಿಸಬಾರ್ದು ಅಂತ ದೊಡ್ಡ ಮನುಷ್ಯನಿಗೆ ಹೇಳ್ಕೊಡ್ಬೇಕು ಅಂತ ನನಗೆ ಹೊಳೀಲಿಲ್ಲ. ತುತ್ತೂರಿಗೆ ಯಾವ ಕಡೆಯಿಂದ ಊದ್ಬೇಕು ಅಂತಾದ್ರೂ ಗೊತ್ತಾ?

ಸುಕ್ಕು ಬಂದ್ರೆ ಅಚ್ಚು ತಣ್ಣಗಿದೆ ಅಂತ. ಸಡಿಲಕ್ಕೆ ಉಪಾಯ ಗುಂಡನ್ನ ಗಟ್ಟಿ ಮಾಡೋದು. ಅಚ್ಚಿಂದ ಬಿಸಿಬಿಸಿ ಬೀಳೋ ಗುಂಡನ್ನ ಸೀದಾ ತಣ್ಣೀರಿನ ಬಕೀಟಿಗೆ ಬೀಳಿಸು. ಪಾತ್ರೆಯಿಂದ ದೂರ ಇಟ್ಕೋ ಬಕೀಟ್ನ, ಇದೂ ಹೇಳ್ಬೇಕೇನೋ ನಿನಗೆ. ಕಲ್ಲಿನ ಹಂಗಾಗುತ್ತೆ. ಗುಂಡು ಎಷ್ಟು ಗಟ್ಟಿಯೋ ಅಷ್ಟು ಒಳ್ಳೇದು, ಸ್ವಲ್ಪ ಸಣ್ಣ ಇದ್ರೂ ನಡೆಯುತ್ತೆ. ನನ್ನ ಕ್ಲಾಸಲ್ಲಿ ಇದನ್ನೇ ಹೇಳೋದು, ಹತ್ತು ವರ್ಷದಿಂದ.

1973, 1975 ಅಂತ ಲೆಕ್ಕ ಬರೆದಿದ್ದೀಯ. ನಿನ್ನ ಲೆಕ್ಕ ನನಗೆ ಬೇಡ.

ಅವಳು ಎಡ ಭುಜಕ್ಕೆ ಇಟ್ಟರೆ ಎಡಗಣ್ಣಲ್ಲಿ ಗುರಿ ನೋಡ್ಬೇಕಾಗುತ್ತೆ. ಎಡಗಣ್ಣು ಅವಳಿಗೆ ಯಾವಾಗ್ಲೂ ಬಲಗಣ್ಣಿಗಿಂತ ಚುರುಕು. ಅಷ್ಟು ಹೇಳಿದೆ.

ಆರ್. ಟಿಫ್ಟ್


ಡಿಲನ್
ಜುಲೈ 18

ಟಿಫ್ಟ್,

ನೀವು ಹೇಳಿದಂತೆ ಒಂದೊಂದನ್ನೂ ಮಾಡಿದೆ. ನೂರು ಗುಂಡು ನೀರಿಗೆ ಬೀಳಿಸಿ ಕಲ್ಲು ಮಾಡಿದೆ. ನಿನ್ನೆ, ಬುಧವಾರ, ಅವಳ ರೈಫಲ್ಲನ್ನು ಕೇಳದೆ ತೆಗೆದುಕೊಂಡು ಜಲ್ಲಿ ತೆಗೆದ ಹಳ್ಳಕ್ಕೆ ಹೋಗಿ ಹತ್ತು ಹೊಡೆದೆ. ಹತ್ತರಲ್ಲಿ ಏಳು ಅಡ್ಡ ಬಿದ್ದವು, ಮೂರು ಎಲ್ಲಿ ಹೋದವೋ ದೇವರಿಗೇ ಗೊತ್ತು. ನಳಿಗೆಯೊಳಗೆ ದೀಪ ಹಾಕಿ ನೋಡಿದರೆ ಉದ್ದಕ್ಕೂ ಬೂದಿ ಬಣ್ಣದ ಸೀಸ ಮೆತ್ತಿಕೊಂಡಿದೆ. ನಾಲ್ಕು ಗಂಟೆ ಉಜ್ಜಿದೆ. ಹೋಗಲಿಲ್ಲ. ಹಾಗೇ ಬೀರುವಿಗೆ ಇಟ್ಟೆ.

ಅದು ಅವಳಪ್ಪನದು. ಅವಳು ನಿಮ್ಮ ಮನೆಯಿಂದ ಹೊತ್ತು ತಂದದ್ದು ಒಂದು ಸೂಟ್‌ಕೇಸು ಮತ್ತು ಅದು.

ನಿಮಗೆ ಬೇಕಿದ್ದೂ ಇದೇ ಅಲ್ಲವೇ. ಕಾಯಿಲೆಯವಳ ಮೇಲೆ ಸೇಡು, ಮುನ್ನೂರು ಮೈಲಿ ದೂರದಿಂದ, ಇನ್ನೊಬ್ಬನ ಕೈಯಲ್ಲಿ. ನಿಮ್ಮನ್ನು ಒರಟ ಅಂದುಕೊಂಡಿದ್ದೆ, ನೀಚ ಅಂದುಕೊಂಡಿರಲಿಲ್ಲ.

ಆಮ್ಡಾಲ್


ಹ್ಯಾಲೋರನ್ ಕ್ರೀಕ್
ಜುಲೈ 25

ಬೇಕು ಅಂತ ಮಾಡಿಲ್ಲ. ನೀನು ಏನಾದ್ರೂ ಅಂದ್ಕೋ. ಗಟ್ಟಿ ಗುಂಡು ಸೀಸ ಮೆತ್ತಬಾರ್ದು. ಪುಸ್ತಕದಲ್ಲೂ ಹಂಗೇ ಇದೆ. ನೀನು ಏನೋ ತಪ್ಪು ಮಾಡಿದ್ದೀಯ.

ಆರ್. ಟಿ.


ಡಿಲನ್
ಆಗಸ್ಟ್ 12

ರಾಸ್ಕೋ,

ನಿನ್ನ ಮೂರೂ ಕಾಗದ ಓದಿದೆ. ವೆಂಡೆಲ್ ಬರೆದವುಗಳ ನಕಲನ್ನೂ ಓದಿದೆ, ಅವನು ನಕಲು ಇಟ್ಟುಕೊಳ್ಳುವ ಪೈಕಿ. ರೈಫಲ್ ಒರೆಸಲು ತೆಗೆದವಳು ನಳಿಗೆಯಲ್ಲಿ ಸೀಸ ನೋಡಿದೆ. "ಇದೇನು?" ಅಂತ ಕೇಳಿದೆ. ಕೇಳಿದ್ದಕ್ಕೆ ಅತ್ತುಬಿಟ್ಟ. ನಾಲ್ಕು ದಿನ ಅವನ ಹತ್ತಿರ ಮಾತಾಡಲಿಲ್ಲ. ಇಬ್ಬರು ಗಂಡಸರು ನಾಲ್ಕು ತಿಂಗಳು, ಮುದಿ ಕುದುರೆಯ ಲಾಳದ ವಿಷಯ ಮಾತಾಡುವ ಹಾಗೆ, ನನ್ನ ಭುಜ, ನನ್ನ ಕಣ್ಣು, ನನ್ನ ಎದೆ ಅಂತ ಬರೆದುಕೊಂಡಿದ್ದೀರಿ. ಒಬ್ಬನಿಗೂ ನನ್ನನ್ನು ಕೇಳಬೇಕು ಅನ್ನಿಸಲಿಲ್ಲ.

ಅವನದು ದಡ್ಡತನ. ಅವನನ್ನು ನೋಡಿಕೊಳ್ಳುತ್ತೇನೆ. ನಿನ್ನದು ಬೇರೆ.

"ನನ್ನ ಗುಂಡಿನ ಪಾಕ" ಅಂತ ಬರೆದಿದ್ದೀಯ. ಹದಿನಾಲ್ಕು ವರ್ಷ ಆ ಶೆಡ್ಡಿನಲ್ಲಿ ಸೌಟು ಹಿಡಿದು ನಿಂತವರು ಯಾರು ರಾಸ್ಕೋ? ಅಚ್ಚಿನ ಬಿಸಿ ಕೈಗೆ ಗೊತ್ತಿದ್ದದ್ದು ಯಾರಿಗೆ? ಗುಂಡಿಗೆ ಸವರುವ ಜೇನುಮೇಣಕ್ಕೆ ಕುರಿಯ ಕೊಬ್ಬು ಎಷ್ಟು ಬೆರೆಸಬೇಕು ಅಂತ ಮೂರು ಚಳಿಗಾಲ ಹೊಡೆದು ಹೊಡೆದು ಕಂಡುಕೊಂಡವರು ಯಾರು? ನೀನು ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದೆ. ಬಂದವರಿಗೆ ಕಥೆ ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ. ಮೊದಮೊದಲು ನನಗೂ ಕೇಳಲು ಖುಷಿಯಾಗುತ್ತಿತ್ತು.

ನಾನು ಯಾಕೆ ಹೋದೆ ಅಂತ ನೀನು ಯಾವತ್ತೂ ಕೇಳಲಿಲ್ಲ. ಬ್ಯಾಂಡ್ ಮೇಷ್ಟರ ಕಥೆ ನಿನಗೆ ಸುಲಭವಾಯಿತು. 1972ರ ಅಕ್ಟೋಬರಿನ ಗುರಿ ಹೊಡೆಯುವ ಸ್ಪರ್ಧೆ ನಾನು ಗೆದ್ದೆ. ಪತ್ರಿಕೆಯವನು ಫೋಟೋ ತೆಗೆಯಲು ಶೆಡ್ಡಿಗೆ ಬಂದ. ನಿನ್ನ ಕೈಗೆ ಸೌಟು ಕೊಟ್ಟ. ನನಗೆ, "ಅಮ್ಮ, ಸ್ವಲ್ಪ ಆ ಕಡೆ ಹೋಗ್ತೀರಾ, ನೆರಳು ಬೀಳ್ತಿದೆ," ಅಂದ. ನಾನು ನಿನ್ನ ಮುಖ ನೋಡಿದೆ. ನೀನು ಸೌಟು ಸರಿಮಾಡಿಕೊಂಡೆ. ಸೌಟನ್ನು ತಲೆಕೆಳಗಾಗಿ ಹಿಡಿದಿದ್ದೆ, ಅದೂ ಫೋಟೋದಲ್ಲಿ ಹಾಗೇ ಬಂತು. ಆಮೇಲೆ ನಾಲ್ಕು ತಿಂಗಳು ಕಾದೆ. ನೀನು ಆ ಫೋಟೋಗೆ ಚೌಕಟ್ಟು ಹಾಕಿಸಿದೆ.

ಈಗ ನಿನ್ನ ಪಾಠ. ಆ ಹಳೇ ರೈಫಲ್ಲಿನ ಸಿಡಿತ ಮೆಲ್ಲಗಿನದು. ಮೆತ್ತನೆ ಸೀಸವಾದರೆ ಆ ಒತ್ತಡಕ್ಕೆ ಗುಂಡಿನ ಬುಡ ಉಬ್ಬಿ ನಳಿಗೆಯನ್ನು ತುಂಬಿಕೊಳ್ಳುತ್ತದೆ. ಕಲ್ಲು ಉಬ್ಬುವುದಿಲ್ಲ. ಬಿಸಿ ಹೊಗೆ ಅದರ ಪಕ್ಕದಿಂದ ನುಗ್ಗಿ ಸೀಸವನ್ನು ನೆಕ್ಕಿ ಗೋಡೆಗೆ ಬಳಿಯುತ್ತದೆ. ಗಾತ್ರ ಮೊದಲು, ಗಟ್ಟಿತನ ಆಮೇಲೆ. ಇದನ್ನು ನಿನಗೆ 1961ರಲ್ಲಿ ಹೇಳಿದ್ದೆ. ನೀನು ಹೌದು ಹೌದು ಅಂದಿದ್ದೆ.

ಪಾತ್ರೆ ಉಜ್ಜುವ ತಾಮ್ರದ ನಾರಿನಿಂದ ನಳಿಗೆ ತೊಳೆದೆ. ವೆಂಡೆಲ್ ತಂದ ಅಚ್ಚಿನ ಎರಡು ಹೋಳಿನ ನಡುವೆ ತೆಳ್ಳನೆ ಅಲ್ಯೂಮಿನಿಯಂ ಟೇಪು ಅಂಟಿಸಿದರೆ ಗುಂಡು ಅಷ್ಟು ದಪ್ಪವಾಗುತ್ತದೆ. ಮೂವತ್ತು ಪಾಲು ಸೀಸಕ್ಕೆ ಒಂದು ಪಾಲು ತವರ. ಶುಕ್ರವಾರ ಕೂತು, ಎಡ ಭುಜದಿಂದ ಐದು ಹೊಡೆದೆ. ನೂರು ಗಜಕ್ಕೆ ಐದೂ ಒಂದು ಕಾಫಿ ತಟ್ಟೆಯೊಳಗೆ. ನಿನ್ನ ಅಚ್ಚು ನನಗೆ ಬೇಡ. ಕಳಿಸಿದರೆ ಒಡೆಯದೆ ವಾಪಸ್ ಕಳಿಸುತ್ತೇನೆ.

ಆದರೆ ಕ್ಲಾಸಿನ ವಿಷಯ ಬಿಡಲಾರೆ. ಹತ್ತು ವರ್ಷದಿಂದ ಹೊಸಬರಿಗೆ ತಪ್ಪು ಕಲಿಸುತ್ತಿದ್ದೀಯ. ತಾತನ ಬಂದೂಕು ಹಿಡಿದು ಬಂದವರು ನಿನ್ನ ಮಾತು ನಂಬಿ ಮನೆಗೆ ಹೋಗುತ್ತಾರೆ. ಹಳೇ ಉಕ್ಕು, ತಪ್ಪು ಗುಂಡು. ಮುಂದಿನ ಕ್ಲಾಸಿನಲ್ಲಿ ಎದ್ದು ನಿಂತು ನಿನಗೆ ಬರುವುದಿಲ್ಲ ಅಂತ ಹೇಳು. ಕಲಿತದ್ದು ಯಾರಿಂದ ಅಂತಲೂ ಹೇಳು.

ಅಯೋನ್


ಹ್ಯಾಲೋರನ್ ಕ್ರೀಕ್
ಸೆಪ್ಟೆಂಬರ್ 9

ಅಯೋನ್,

ನಿನ್ನ ಕಾಗದ ಮೂರು ಸಲ ಓದಿದೆ. ಮೂರು ಸಲವೂ ಸಿಟ್ಟೇ ಬಂತು.

ಶೆಡ್ಡು ಕಟ್ಟಿದ್ದು ಯಾರು? ರೈಲಿನ ಯಾರ್ಡಿಂದ ಸೀಸ ಹೊತ್ತು ತಂದು ಬೆನ್ನು ಮುರ್ಕೊಂಡಿದ್ದು ಯಾರು? ಸ್ಪೋಕೇನ್‌ಗೆ ಹಿಮದಲ್ಲಿ ಗಾಡಿ ಓಡಿಸಿದ್ದು ಯಾರು? ಸೌಟು ಹಿಡಿದಿದ್ದೊಂದೇ ಕೆಲ್ಸಾನಾ?

ಫೋಟೋದವನು ನಿನ್ನ ಆ ಕಡೆ ಹೋಗು ಅಂದಿದ್ದು ನನಗೆ ನೆನಪಿಲ್ಲ. ನೆನಪಿಲ್ಲ ಅಂದ್ರೆ ಇಲ್ಲ.

ನಿನಗೊಂದು ವಿಷಯ ಹೇಳ್ತೀನಿ, ನಗು ಬೇಕಾದ್ರೆ. ನೀನು ಹೋದ ಮೇಲೆ, ನನ್ನ ರೈಫಲ್ಲಿಗೆ ಅಂತ ನೀನು ಎರೆದಿದ್ದ ಇನ್ನೂರ ಹದಿನೆಂಟು ಗುಂಡು ಡಬ್ಬಿಯಲ್ಲಿ ಉಳಿದಿತ್ತು. ಅವು ಮುಗಿಯೋ ತನಕ ಹೊಡೆದೆ. ಆಮೇಲೆ ನಾನೇ ಎರೆದೆ. ಒಂದೂ ನೆಟ್ಟಗೆ ಹೋಗ್ಲಿಲ್ಲ. ಕ್ಲಬ್ಬಲ್ಲಿ ಕಣ್ಣು ಮಂಜಾಗಿದೆ ಅಂದೆ. ಅವರೇ ಪಾಪ ಅಂತ ಪಾಠ ಹೇಳೋಕೆ ಕೂರಿಸಿದ್ರು. ಕಣ್ಣು ಸರಿಯಿಲ್ಲದ ಮುದುಕನಿಗೆ ಹೊಡೆದು ತೋರ್ಸು ಅಂತ ಯಾರೂ ಕೇಳಲ್ಲ.

ಎದ್ದು ನಿಂತು ಹೇಳು ಅಂತೀಯ. ಹೇಳಲ್ಲ. ಎಪ್ಪತ್ತು ವರ್ಷಕ್ಕೆ ನನಗೆ ಉಳಿದಿರೋದು ಆ ಒಂದು ಶನಿವಾರ.

ಆಪರೇಷನ್ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ.

ರಾಸ್ಕೋ


ಡಿಲನ್
ಸೆಪ್ಟೆಂಬರ್ 20

ರಾಸ್ಕೋ,

ಬರೆಯುವುದೂ ಇಲ್ಲ.

ನವೆಂಬರ್ ಎರಡನೇ ತಾರೀಖು ಮೊದಲ ಶನಿವಾರ. ಅಷ್ಟರೊಳಗೆ ನೀನು ಹೇಳದಿದ್ದರೆ ನಾನೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನೀನು ಪಾಠ ಶುರು ಮಾಡು. ನಾನು ಪ್ರಶ್ನೆ ಕೇಳುತ್ತೇನೆ.

ಅಯೋನ್


ಡಿಲನ್
ಅಕ್ಟೋಬರ್ 29

ಟಿಫ್ಟ್,

ಅಯೋನ್ ಶನಿವಾರ ಬರುವುದಿಲ್ಲ. ಮತ್ತೆ ಬ್ಯೂಟ್‌ನ ಆಸ್ಪತ್ರೆಯಲ್ಲಿದ್ದಾಳೆ, ಈ ಸಲ ಶ್ವಾಸಕೋಶ. ಮರೆತು ಬರಲಿಲ್ಲ ಅಂತ ನೀವು ಅಂದುಕೊಳ್ಳಬಾರದು, ಬರೆಯಿರಿ ಅಂದಳು. ಬರೆದೆ.

ನನ್ನ ಕಡೆಯಿಂದ ಒಂದು ಮಾತು. ಇದನ್ನು ಓದಿ ನಿಮಗೆ ನಿರಾಳವಾದರೆ, ಆ ನಿರಾಳ ನಿಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳಲಿ.

ವಿ. ಆಮ್ಡಾಲ್


ಹ್ಯಾಲೋರನ್ ಕ್ರೀಕ್
ನವೆಂಬರ್ 5

ಅಯೋನ್,

ನಿರಾಳ ಆಯ್ತು. ಸುಳ್ಳು ಹೇಳಲ್ಲ. ನಿನ್ನ ಗಂಡನ ಕಾಗದ ಶುಕ್ರವಾರ ಬಂತು, ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಹನ್ನೆರಡು ಜನ ಬಂದಿದ್ರು. ಥೋರಾ ಲಿಂಡ್‌ವಿಕ್ ಅಂತ ಒಬ್ಬಳಿದ್ದಾಳೆ, ಐವತ್ತರ ಹತ್ರ, ದನ ಸಾಕೋ ಹೆಂಗಸು, ಗಂಡ ಹೋದ ವರ್ಷ ಸತ್ತ. ಅವನ ಮೂವತ್ತೆರಡು-ನಲವತ್ತು ಅಳತೆಯ ಹಳೇ ರೈಫಲ್ಲು ಇಟ್ಕೊಂಡು ಬೇಸಿಗೆಯಿಂದ ಕ್ಲಾಸಿಗೆ ಬರ್ತಿದ್ಲು. ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಳ್ತಿದ್ಲು. ಅವತ್ತು ತಡವಾಗಿ ಬಂದ್ಲು. ರೈಫಲ್ಲು ತಂದು ನನ್ನ ಮೇಜಿನ ಮೇಲೆ ಇಟ್ಲು. ನಳಿಗೆ ನಡುವಲ್ಲಿ ಹಾವು ಇಲಿ ನುಂಗಿದ ಹಂಗೆ ಉಬ್ಬಿತ್ತು.

ಗಟ್ಟಿ ಗುಂಡು, ತೋಟಾದೊಳಗೆ ಸಿಡಿಮದ್ದು ಕಮ್ಮಿ. ಒಂದು ಒಳಗೇ ಸಿಕ್ಕೊಂಡಿದೆ. ಅವಳಿಗೆ ಗೊತ್ತಾಗಿಲ್ಲ. ಅದರ ಹಿಂದೆ ಇನ್ನೊಂದು ಹೊಡೆದಿದ್ದಾಳೆ. ನಳಿಗೆ ಒಡೆದಿದ್ರೆ ಅವಳ ಎಡಗೈ ಇರ್ತಿರ್ಲಿಲ್ಲ.

ಅವಳು ಕೂಗಾಡ್ಲಿಲ್ಲ. ನೋಟ್‌ಬುಕ್ ತೆಗೆದು ಬೆರಳಿಟ್ಟು ಓದಿದ್ಲು. "ಎಷ್ಟು ಗಟ್ಟಿಯೋ ಅಷ್ಟು ಒಳ್ಳೇದು. ನೀವು ಹೇಳಿದ್ದು, ಜುಲೈ ಆರು. ಹಂಗೇ ಮಾಡಿದೆ. ಯಾಕೆ ಹಿಂಗಾಯ್ತು ಮಿಸ್ಟರ್ ಟಿಫ್ಟ್?"

ನೀನು ಹೇಳಿದ್ದು ನನ್ನ ಬಾಯಲ್ಲಿತ್ತು. ಉಬ್ಬೋದು, ತುಂಬ್ಕೊಳ್ಳೋದು, ಎಲ್ಲ. ಅದನ್ನೇ ನನ್ನದು ಅಂತ ಹೇಳಿಬಿಡ್ಬಹುದಿತ್ತು. ಬಾಯಿ ತೆಗೆದೂ ಆಗಿತ್ತು. ಆಗ ಅವಳು ಪೆನ್ನು ತೆಗೆದು ಬರ್ಕೊಳ್ಳೋಕೆ ರೆಡಿಯಾದ್ಲು. ಇಷ್ಟಾದ ಮೇಲೂ.

"ನನಗೆ ಗೊತ್ತಿಲ್ಲ," ಅಂದೆ. "ಯಾವತ್ತೂ ಗೊತ್ತಿರ್ಲಿಲ್ಲ. ಗೊತ್ತಿದ್ದದ್ದು ನನ್ನ ಹೆಂಡ್ತಿಗೆ. ಎಲ್ಲಾ ಅವಳೇ ಮಾಡ್ತಿದ್ಲು."

ಇಬ್ಬರು ನಕ್ಕರು, ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡು. ಆಮೇಲೆ ಯಾರೂ ನಗ್ಲಿಲ್ಲ. ಕ್ಲಬ್ಬಿನ ಸೆಕ್ರೆಟರಿ ಟೋಪಿ ಹಾಕ್ಕೊಂಡು ಎದ್ದುಹೋದ. ಕ್ಲಬ್ಬಿನ ಶೆಡ್ಡಿನ ಬೀಗದ ಕೈ ವಾಪಸ್ ಕೊಡು ಅಂತ ನಿನ್ನೆ ಫೋನ್ ಮಾಡಿದ್ದ.

ಲಿಂಡ್‌ವಿಕ್ ಒಬ್ಬಳೇ ಹೋಗದೆ ನಿಂತಿದ್ಲು. "ಅವರ ಅಡ್ರೆಸ್ ಕೊಡಿ," ಅಂದ್ಲು. ಕೊಟ್ಟೆ. ಅವಳಿಗೆ ಉತ್ತರ ಬರೀ, ಇಲ್ಲ ಒಲೆಗೆ ಹಾಕು, ನಿನ್ನಿಷ್ಟ. ನನಗೆ ಬರೀಬೇಡ. ನೀನು ಕೇಳಿದ್ದು ಮಾಡಿದೆ, ಇಷ್ಟಪಟ್ಟು ಮಾಡ್ಲಿಲ್ಲ.

ರಾಸ್ಕೋ


ಡಿಲನ್
ನವೆಂಬರ್ 23

ಥೋರಾ ಲಿಂಡ್‌ವಿಕ್ ಅವರೇ,

ನಿಮ್ಮ ಕಾಗದ ಆಸ್ಪತ್ರೆಗೆ ಹೋಗಿ ಮನೆಗೆ ಬಂತು, ನಾನೂ ಹಾಗೇ ಬಂದೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ. ಮಲಗಿಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಕೈ ಉಳಿದದ್ದು ಮೊದಲ ಸಂತೋಷ. ಗಂಡನ ರೈಫಲ್ಲು ಹಾಳು ಮಾಡಿದೆ ಅಂತ ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ಹೇಳಿಕೊಟ್ಟ ಹಾಗೆ ಮಾಡಿದವರದು ತಪ್ಪಲ್ಲ. ಉಬ್ಬಿದ ನಳಿಗೆಯಿಂದ ಇನ್ನು ಒಂದೂ ಹೊಡೆಯಬೇಡಿ. ಅದಕ್ಕೆ ಬೇರೆ ನಳಿಗೆ ಕೂರಿಸುವವರು ಇದ್ದಾರೆ, ನಾನು ಹೆಸರು ಕೊಡುತ್ತೇನೆ.

ಆ ನೋಟ್‌ಬುಕ್ಕನ್ನು ಎಸೆಯಬೇಡಿ. ತಂದರೆ ಕೂತು ಒಂದೊಂದೇ ಸಾಲು ನೋಡೋಣ. ಸರಿಯಾದವೂ ಕೆಲವು ಇರುತ್ತವೆ, ಹೊಡೆದುಹಾಕಬೇಕಾದ್ದನ್ನು ಹೊಡೆದುಹಾಕಿದರಾಯಿತು. ಮಿಸ್ಟರ್ ಟಿಫ್ಟ್ ಎಂಥ ಮನುಷ್ಯ ಎಂದು ಕೇಳಿದ್ದೀರಿ. ಅದನ್ನು ನಾನು ಬರೆಯುವುದಿಲ್ಲ.

ಬರುವಾಗ ಉದ್ದ ತೋಳಿನ ಹತ್ತಿ ಅಂಗಿ ಹಾಕಿಕೊಳ್ಳಿ, ದಪ್ಪ ಕೈಗವಸು ತನ್ನಿ. ಗ್ಯಾರೇಜಿನ ಎರಡೂ ಬಾಗಿಲು ತೆರೆದಿಟ್ಟೇ ಸೀಸ ಕರಗಿಸುವುದು, ಚಳಿಯಾದರೂ ಸರಿ. ಒಳಗೆ ಊಟ ತಿಂಡಿ ಇಲ್ಲ. ಮುಗಿದ ಮೇಲೆ ಕೈ ಎರಡು ಸಲ ಸೋಪು ಹಾಕಿ ತೊಳೆದು, ಆಮೇಲೆ ಅಡುಗೆಮನೆಯಲ್ಲಿ ಕಾಫಿ. ಮೊದಲ ದಿನ ಸುಕ್ಕು ಗುಂಡೇ ಬರುತ್ತದೆ, ಎಲ್ಲರಿಗೂ. ಮತ್ತೆ ಪಾತ್ರೆಗೆ ಹಾಕಿದರೆ ಅದೇ ಸೀಸ, ನಷ್ಟವೇನಿಲ್ಲ. ಅಚ್ಚು ಹದಕ್ಕೆ ಬಂದಾಗ ಕೈಗೇ ಗೊತ್ತಾಗುತ್ತದೆ, ಅದನ್ನು ಬರೆದು ತಿಳಿಸಲು ಬರುವುದಿಲ್ಲ. ಪಕ್ಕದಲ್ಲಿ ನಿಂತು ತೋರಿಸಬೇಕು.

ನನಗೆ ಈಗ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಕುರ್ಚಿ ಹಾಕಿಕೊಂಡು ಕೂತು ಹೇಳುತ್ತೇನೆ, ಸೌಟು ನೀವು ಹಿಡಿಯಿರಿ. ನನ್ನ ಗಂಡನಿಗೆ ಸುಮಾರಾಗಿ ಬರುತ್ತದೆ, ಆದರೆ ಅವನು ಪ್ರತಿ ಗುಂಡಿಗೂ ಕನ್ನಡಕ ಒರೆಸುತ್ತಾನೆ.

ವಸಂತದಲ್ಲಿ ದಾರಿ ತೆರೆದ ಮೇಲೆ ಬರುತ್ತೇನೆ ಎಂದು ಬರೆದಿದ್ದೀರಿ. ಕ್ರಿಸ್‌ಮಸ್‌ಗೆ ಮೊದಲೇ ಬನ್ನಿ. ಹಿಮ ಬಿದ್ದರೆ ವೆಂಡೆಲ್ ಟ್ರಕ್ ತಂದು ನಿಮ್ಮನ್ನು ಕರೆದುಕೊಂಡು ಬರುತ್ತಾನೆ. ಅವನಿಗೆ ಹೇಳಿಯಾಗಿದೆ.

ಅಯೋನ್ ಆಮ್ಡಾಲ್